ಇಪ್ಪತ್ತೈದು ಅಕ್ಷರಗಳ ಕೊರತೆ: ಹೈದರಾಬಾದಿನ ಒಂದು ಸಂಶೋಧನೆ ಮತ್ತು ನಮ್ಮ ಮಕ್ಕಳ ಹೃದಯ

ನೀವು ಬೀದರ್, ಕಲಬುರಗಿ, ರಾಯಚೂರು ಕಡೆಯವರಾಗಿದ್ದರೆ "ಅವರು ಹೈದರಾಬಾದಿಗೆ ಹೋಗ್ಯಾರ" ಎಂಬ ಮಾತಿನ ಅರ್ಥವನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಯಾರಿಗೋ ಕಾಯಿಲೆ ಜೋರಾಗಿದೆ ಅಂತಲೇ ಅರ್ಥ. 1956ರವರೆಗೆ ಒಂದೇ ರಾಜ್ಯವಾಗಿದ್ದವರು ನಾವು. ಗಡಿ ಬದಲಾಯಿತು, ದವಾಖಾನೆಯ ದಾರಿ ಬದಲಾಗಲಿಲ್ಲ. ಮಗುವಿನ ಎದೆಯಲ್ಲಿ "ಸದ್ದು ಬೇರೆ ಥರ ಇದೆ" ಎಂದು ಊರಿನ ಡಾಕ್ಟರು ಚೀಟಿ ಬರೆದುಕೊಟ್ಟರೆ ನಮ್ಮ ಅಮ್ಮಿಯರು ಇವತ್ತಿಗೂ ಬುರ್ಖಾ ಹಾಕಿಕೊಂಡು ಹತ್ತುವುದು ಹೈದರಾಬಾದಿನ ರೈಲನ್ನೇ.

ಆದರೆ ಈ ಬರಹ ಆಸ್ಪತ್ರೆಯ ಬಗ್ಗೆ ಅಲ್ಲ. ಅದೇ ಊರಿನ ಹಬ್ಸಿಗುಡದಲ್ಲಿ ಒಂದು ಪ್ರಯೋಗಾಲಯವಿದೆ. ಅಲ್ಲಿಂದ 2009ರಲ್ಲಿ ಹೃದಯದ ಬಗ್ಗೆ ಹೊರಟ ಒಂದು ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಆ ಸುದ್ದಿಗೆ ಆಮೇಲೆ ಏನಾಯಿತು, ಅದಕ್ಕೂ ನಮ್ಮ ಮಕ್ಕಳಿಗೂ ನಮ್ಮ ಮನೆಗಳ ಮದುವೆಗಳಿಗೂ ಏನು ಸಂಬಂಧ, ಇದನ್ನು ನಿಮ್ಮ ಜೊತೆ ಮಾತಾಡಬೇಕಿದೆ.

ಅದಕ್ಕೂ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಹೃದಯದ ವಿಷಯದಲ್ಲಿ ಹೈದರಾಬಾದ್ ಜಗತ್ತಿಗೆ ಏನೋ ಹೇಳಿದ್ದು ಅದೇ ಮೊದಲಲ್ಲ. 1846ರಲ್ಲಿ ನಿಜಾಮರ ರಾಜ್ಯದಲ್ಲಿ ವೈದ್ಯಕೀಯ ಶಾಲೆ ಶುರುವಾದಾಗ ಪಾಠ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. ಹೌದು, ಉರ್ದುವಿನಲ್ಲೇ ಶರೀರಶಾಸ್ತ್ರ, ಉರ್ದುವಿನಲ್ಲೇ ಶಸ್ತ್ರಚಿಕಿತ್ಸೆ. ಉರ್ದು ಮಾಧ್ಯಮದ ಮಕ್ಕಳಿಗೆ "ನಿಮಗೆ ವಿಜ್ಞಾನ ಯಾಕೆ" ಎನ್ನುವವರಿಗೆ ನಾನು ಈ ಇಸವಿಯನ್ನು ಹೇಳುತ್ತಿರುತ್ತೇನೆ. 1880ರ ದಶಕದಲ್ಲಿ ಆ ಶಾಲೆಯ ಮುಖ್ಯಸ್ಥನಾಗಿ ಬಂದವನು ಎಡ್ವರ್ಡ್ ಲಾರಿ ಎಂಬ ಬ್ರಿಟಿಷ್ ಸರ್ಜನ್. ಪಾಠವನ್ನು ಇಂಗ್ಲಿಷಿಗೆ ತಿರುಗಿಸಿದವನೂ ಅವನೇ. ಅವನ ತಲೆಯಲ್ಲಿ ಕೂತಿದ್ದದ್ದು ಒಂದೇ ಪ್ರಶ್ನೆ. ಕ್ಲೋರೋಫಾರ್ಮ್ ಕೊಟ್ಟಾಗ ಕೆಲವು ರೋಗಿಗಳು ಮೇಜಿನ ಮೇಲೆಯೇ ಸಾಯುತ್ತಾರಲ್ಲ, ಅವರು ಉಸಿರು ನಿಂತು ಸಾಯುತ್ತಾರೋ, ಹೃದಯ ನಿಂತು ಸಾಯುತ್ತಾರೋ? ಕ್ಲೋರೋಫಾರ್ಮಿನಿಂದ ಸತ್ತವರೆಂದು ದಾಖಲಾದ ಮೊದಲಿಗರು ಹ್ಯಾನಾ ಗ್ರೀನರ್, ಇಂಗ್ಲೆಂಡಿನ ಹದಿನೈದು ವರ್ಷದ ಹುಡುಗಿ. 1848ರ ಜನವರಿಯಲ್ಲಿ, ಬರೀ ಕಾಲುಬೆರಳಿನ ಉಗುರು ತೆಗೆಯಲು ಹೋಗಿ ಜೀವ ಹೋಯಿತು. ಲಾರಿಯ ಗುರು ಎಡಿನ್‌ಬರೋದ ಜೇಮ್ಸ್ ಸೈಮ್. "ಉಸಿರನ್ನು ನೋಡಿಕೊಳ್ಳಿ, ನಾಡಿಯ ಚಿಂತೆ ಬಿಡಿ" ಎನ್ನುವುದು ಆ ಪಂಥದ ಪಾಠ. ಲಂಡನ್ನಿನವರು ಇದನ್ನು ಒಪ್ಪುತ್ತಿರಲಿಲ್ಲ.

1888ರಲ್ಲಿ ಲಾರಿ ಹೈದರಾಬಾದಿನಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ ತನ್ನ ಗುರುವೇ ಸರಿ ಎಂದ. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ನಂಬಲಿಲ್ಲ. ಆಗ ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಸಾವಿರ ಪೌಂಡ್ ಕೊಟ್ಟು "ನೀವೇ ಒಬ್ಬ ತಜ್ಞನನ್ನು ಕಳಿಸಿ, ನೋಡಿಬಿಡೋಣ" ಎಂದರು. 1889ರಲ್ಲಿ ಲಾಡರ್ ಬ್ರಂಟನ್ ಬಂದ. ನೂರಾರು ಪ್ರಾಣಿಗಳ ಮೇಲೆ ಪರೀಕ್ಷೆ ನಡೆದ ಮೇಲೆ ಅವನೂ ಲಾರಿಯ ಪಕ್ಷಕ್ಕೇ ಬಂದ. ಉಸಿರೇ ಮೊದಲು ನಿಲ್ಲುವುದು, ಹೃದಯಕ್ಕೆ ನೇರ ಅಪಾಯವಿಲ್ಲ ಎಂಬ ತೀರ್ಮಾನ ಹೈದರಾಬಾದಿನ ಹೆಸರಿನಲ್ಲಿ ಲೋಕಕ್ಕೆ ಹೋಯಿತು. ಅದು ಪೂರ್ತಿ ನಿಜವಾಗಿರಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಎಂಬ ಸಂಶೋಧಕ ಬೆಕ್ಕುಗಳಲ್ಲಿ ಬೇರೆಯದನ್ನು ತೋರಿಸಿದ. ಕ್ಲೋರೋಫಾರ್ಮ್ ಕಡಿಮೆ ಪ್ರಮಾಣದಲ್ಲಿದ್ದಾಗಲೇ ಹೃದಯ ಲಯ ತಪ್ಪಿ, ಬಡಿಯುವ ಬದಲು ನಡುಗತೊಡಗಿ, ಹಠಾತ್ತನೆ ನಿಲ್ಲಬಲ್ಲದು. ಅಂದರೆ ಮೊದಲಿಂದ ನಾಡಿ ಹಿಡಿದು ಕೂತವರದ್ದೂ ತಪ್ಪಿರಲಿಲ್ಲ. ದುಡ್ಡು, ತಜ್ಞ, ಲೆಕ್ಕವಿಲ್ಲದಷ್ಟು ಪ್ರಯೋಗ ಎಲ್ಲ ಇದ್ದೂ ಇಪ್ಪತ್ತು ವರ್ಷ ಬೇಕಾಯಿತು ನೋಡಿ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಹಬ್ಸಿಗುಡಕ್ಕೆ ಬರೋಣ. ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ, ಎಲ್ಲರ ಬಾಯಲ್ಲಿ ಸಿಸಿಎಂಬಿ. 1977ರಲ್ಲಿ ಪುಷ್ಪ ಮಿತ್ರ ಭಾರ್ಗವ ಅವರ ಮುಂದಾಳತ್ವದಲ್ಲಿ ಹುಟ್ಟಿದ ಸಂಸ್ಥೆ. ಅಲ್ಲಿನ ಕುಮಾರಸಾಮಿ ತಂಗರಾಜ್ ಅವರು ದೇಶದ ಮೂಲೆಮೂಲೆಯ ಜನರ ಡಿಎನ್‌ಎ ಸಂಗ್ರಹಿಸಿ, ನಾವೆಲ್ಲ ಎಲ್ಲಿಂದ ಬಂದೆವು, ಯಾರ ಜೊತೆ ಯಾರು ಬೆರೆತರು ಎಂದು ಹುಡುಕುತ್ತಿದ್ದವರು. ಅದೇ ಹೊತ್ತಿಗೆ ತಮಿಳುನಾಡಿನ ಮಧುರೈಯಲ್ಲಿ ಸರ್ಕಾರಿ ಆಸ್ಪತ್ರೆಯ ಹೃದಯ ಶಸ್ತ್ರಚಿಕಿತ್ಸಕ ಎ. ರತಿನವೇಲ್ ಮತ್ತು ಅವರ ಜೊತೆಗಾರರು ಬೇರೆ ದಾರಿಯಲ್ಲಿ ಹೊರಟಿದ್ದರು. ಒಂದೇ ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವ ಹೃದಯದ ಕಾಯಿಲೆಯ ಜಾಡು ಅದು. ಹೃದಯದ ಸ್ನಾಯುವೇ ದಪ್ಪವಾಗುವುದು, ಇಲ್ಲವೇ ತೆಳುವಾಗಿ ಬಲೂನಿನಂತೆ ಉಬ್ಬುವುದು. ವೈದ್ಯರು ಇದನ್ನು ಕಾರ್ಡಿಯೋಮಯೋಪತಿ ಎನ್ನುತ್ತಾರೆ. ರಕ್ತನಾಳ ಕಟ್ಟಿಕೊಂಡು ಬರುವ ಹಾರ್ಟ್ ಅಟ್ಯಾಕ್ ಬೇರೆ, ಇದು ಬೇರೆ. 2003ರಲ್ಲಿ, ಇಂಥ ಕಾಯಿಲೆಯಿರುವ ಭಾರತೀಯ ಕುಟುಂಬಗಳಲ್ಲಿ ಒಂದು ವಂಶವಾಹಿಯ ಇಪ್ಪತ್ತೈದು ಅಕ್ಷರ ಬಿಟ್ಟುಹೋಗಿರುವುದು ವರದಿಯಾಯಿತು.

ವಂಶವಾಹಿಗೆ ಎಂಥ ಅಕ್ಷರ ಎಂದು ಕೇಳಬಹುದು. ತರಗತಿಯಲ್ಲಿ ನಾನು ಹೀಗೆ ಹೇಳುತ್ತೇನೆ. ಉರ್ದುವಿನಲ್ಲಿ ಮೇಲಿನ ಒಂದು ನುಖ್ತಾ ಕೆಳಗೆ ಬಂದರೆ 'ಖುದಾ' ಹೋಗಿ 'ಜುದಾ' ಆಗುತ್ತದೆ. ಕನ್ನಡದಲ್ಲಿ ಒಂದು ಒತ್ತು ಹೆಚ್ಚಾದರೆ 'ಕತೆ' ಹೋಗಿ 'ಕತ್ತೆ' ಬರುತ್ತದೆ. ಮಕ್ಕಳು ನಗುತ್ತಾರೆ, ಆದರೆ ಮರೆಯುವುದಿಲ್ಲ. ಡಿಎನ್‌ಎ ಕೂಡ ನಾಲ್ಕೇ ಅಕ್ಷರಗಳ ಬರಹ. ಹೃದಯದ ಸ್ನಾಯು ಎಷ್ಟು ಬಿಗಿಯಾಗಬೇಕು, ಎಷ್ಟು ಸಡಿಲವಾಗಬೇಕು ಎಂದು ಹತೋಟಿಯಲ್ಲಿಡುವ ಒಂದು ಪ್ರೋಟೀನ್ ಇದೆ. ಅದನ್ನು ತಯಾರಿಸುವ ವಿಧಾನ ಎಂವೈಬಿಪಿಸಿ-3 ಎಂಬ ವಂಶವಾಹಿಯಲ್ಲಿದೆ. ಈ ಬರಹದ ನಡುನಡುವೆ ಓದದೆ ಬಿಡಬೇಕಾದ ಸಾಲುಗಳಿರುತ್ತವೆ. ಕೋಶವು ಅವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಜೋಡಿಸಿಕೊಳ್ಳುತ್ತದೆ. ಆ ಇಪ್ಪತ್ತೈದು ಅಕ್ಷರ ಕಾಣೆಯಾಗಿರುವುದು ಇಂಥ ಬಿಡಬೇಕಾದ ಸಾಲಿನಲ್ಲೇ. ಹಾಗಾದರೆ ಏನು ತೊಂದರೆ? ಎಲ್ಲಿ ಕತ್ತರಿಸಬೇಕೆಂಬ ಗುರುತು ಮಸುಕಾಗಿ, ಮುಂದಿನ ಓದಲೇಬೇಕಾದ ತುಂಡೂ ಕತ್ತರಿಗೆ ಸಿಕ್ಕಿ ಹೋಗುತ್ತದೆ. ಪ್ರೋಟೀನಿನ ತುದಿ ಕೆಟ್ಟು ಕೂರುತ್ತದೆ.

ತಂಗರಾಜ್ ಅವರ ತಂಡ ಕೇಳಿದ್ದು ಮುಂದಿನ ಪ್ರಶ್ನೆ: ಇದು ಮಧುರೈಯ ಕೆಲವು ಮನೆಗಳದ್ದೋ, ಎಲ್ಲರದ್ದೋ? ದೇಶದ 107 ಸಮುದಾಯಗಳ 6,273 ಜನರನ್ನು ಪರೀಕ್ಷಿಸಿದರು. ಸುಮಾರು ನೂರರಲ್ಲಿ ನಾಲ್ವರಲ್ಲಿ ಆ ಕೊರತೆ ಇತ್ತು. ಭಾಷೆ ಬೇರೆ, ಜಾತಿ ಬೇರೆ, ಧರ್ಮ ಬೇರೆ, ಆದರೆ ಅದೇ ಇಪ್ಪತ್ತೈದು ಅಕ್ಷರ. ಪಾಕಿಸ್ತಾನದವರಲ್ಲೂ, ಶ್ರೀಲಂಕಾದವರಲ್ಲೂ ಸಿಕ್ಕಿತು. ಸುಮಾರು 30,000 ವರ್ಷಗಳ ಹಿಂದೆ ಯಾರೋ ಒಬ್ಬರಲ್ಲಿ ಹುಟ್ಟಿದ ತಪ್ಪು ಇದು ಎಂದು ಅಂದಾಜು ಮಾಡಿದರು. ಮೂವತ್ತು ಸಾವಿರ ವರ್ಷ! ಆಗ ನಮ್ಮ ಯಾವ ಜಾತಿಯೂ ಇರಲಿಲ್ಲ, ಯಾವ ಜಮಾತೂ ಇರಲಿಲ್ಲ. ಹೃದಯ ವೈಫಲ್ಯದ ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿ ನೋಡಿದಾಗ ರೋಗಿಗಳಲ್ಲಿ ಈ ಕೊರತೆ ಬಹಳ ಹೆಚ್ಚಾಗಿ ಕಂಡಿತು; ಅಪಾಯ ಸುಮಾರು ಏಳು ಪಟ್ಟು ಎಂಬುದು ಅವರ ಲೆಕ್ಕ. ಪೆರುಂದುರೈ ಧಂಡಪಾಣಿ ಮೊದಲ ಲೇಖಕರಾಗಿ, ಹೈದರಾಬಾದ್, ಮಧುರೈ, ಅಮೆರಿಕ, ಬ್ರಿಟನ್ನಿನವರೆಲ್ಲ ಸೇರಿ ಬರೆದ ಲೇಖನ 2009ರಲ್ಲಿ 'ನೇಚರ್ ಜೆನೆಟಿಕ್ಸ್'ನಲ್ಲಿ ಬಂತು.

ಇಷ್ಟು ಕೆಟ್ಟ ಕೊರತೆ ಇಷ್ಟು ಸಾವಿರ ವರ್ಷ ಉಳಿದದ್ದು ಹೇಗೆ? ಅವರ ಉತ್ತರ ಸರಳವಾಗಿತ್ತು. ಚಿಕ್ಕ ವಯಸ್ಸಿನಲ್ಲಿ ದೇಹ ಕೆಟ್ಟ ಪ್ರೋಟೀನನ್ನು ಗುಡಿಸಿ ಹಾಕುತ್ತದೆ. ವಯಸ್ಸಾದಂತೆ ಗುಡಿಸುವ ಶಕ್ತಿ ಕುಂದಿ ಕಸ ಉಳಿದುಬಿಡುತ್ತದೆ. ಕಾಯಿಲೆ ಕಾಣುವ ಹೊತ್ತಿಗೆ ಮದುವೆಯಾಗಿ, ಮಕ್ಕಳಾಗಿ, ಆ ಕೊರತೆ ಮುಂದಿನ ತಲೆಮಾರಿಗೆ ದಾಟಿರುತ್ತದೆ.

ಪತ್ರಿಕೆಗಳಿಗೆ ಹಬ್ಬ. ಆರು ಕೋಟಿ ಭಾರತೀಯರ ಎದೆಯಲ್ಲಿ ಟೈಂ ಬಾಂಬ್ ಎನ್ನುವ ಧಾಟಿಯಲ್ಲಿ ಬರೆದರು. ಇಲ್ಲಿಗೆ ಕ್ಲೋರೋಫಾರ್ಮಿನ ಕತೆಯನ್ನು ನೆನೆಯಬೇಕು. 2018ರಲ್ಲಿ, ಮೊದಲ ಲೇಖನದಲ್ಲೂ ಇದ್ದ ಶಕ್ತಿವೇಲ್ ಸದಯಪ್ಪನ್ ಅವರ ಅಮೆರಿಕದ ತಂಡವೇ ಹೇಳಿತು: ಇಪ್ಪತ್ತೈದು ಅಕ್ಷರ ಬಿಟ್ಟುಹೋದವರಲ್ಲಿ ಒಂದು ಸಣ್ಣ ಪಾಲಿನವರಿಗೆ ಅದೇ ವಂಶವಾಹಿಯಲ್ಲಿ ಇನ್ನೊಂದು ಬದಲಾವಣೆಯೂ ಜೊತೆಗೆ ಬರುತ್ತದೆ, ಹೃದಯದ ಕೆಲಸದಲ್ಲಿ ವ್ಯತ್ಯಾಸ ಕಾಣುವುದು ಅವರಲ್ಲಿ. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಅಲ್ಲೇ ಪಕ್ಕದಲ್ಲಿ ಅಡಗಿದ್ದ ಮತ್ತೊಂದು ಅಪರೂಪದ ಬದಲಾವಣೆಯನ್ನು ಹಿಡಿದು, ಅಪಾಯದ ಬಹುಪಾಲು ಅದರದ್ದೇ ಎಂದು ತೋರಿಸಿದರು. ಇಪ್ಪತ್ತೈದು ಅಕ್ಷರದ ಕೊರತೆ ಒಂದೇ ಇದ್ದವರಲ್ಲಿ ಬಹುತೇಕರು ಆರಾಮವಾಗಿಯೇ ಇರುತ್ತಾರೆ. ಕಳ್ಳನ ಜೊತೆ ಬಸ್ಸಿನಲ್ಲಿ ಕೂತವನನ್ನೂ ಪೊಲೀಸರು ಹಿಡಿದ ಹಾಗೆ ಆಗಿತ್ತು ಅನ್ನಿ. ಮೊದಲ ಸುದ್ದಿ ಮುಖಪುಟದಲ್ಲಿ ಬಂತು, ತಿದ್ದುಪಡಿ ಯಾವ ಪುಟದಲ್ಲೂ ಬರಲಿಲ್ಲ. ಹೈದರಾಬಾದಿನವರ ಕೆಲಸ ವ್ಯರ್ಥವಾಯಿತು ಅಂತ ದಯವಿಟ್ಟು ತಿಳಿಯಬೇಡಿ. ಅವರು ಆ ಬೀದಿಯ ದೀಪ ಹಚ್ಚದೇ ಇದ್ದಿದ್ದರೆ ಪಕ್ಕದ ಮನೆಯವನು ಕಾಣುತ್ತಲೇ ಇರಲಿಲ್ಲ.

ಸರಿ, ಮಕ್ಕಳು ಎಲ್ಲಿ ಬಂದರು? ಬಂದದ್ದು ಎರಡು ದಾರಿಯಿಂದ.

ಮೊದಲನೆಯದು ಧಂಡಪಾಣಿ ಅವರೇ ಹಿಡಿದ ದಾರಿ. ದೊಡ್ಡವರಲ್ಲಿ ನಿಧಾನವಾಗಿ ಬರುವ ಈ ಕಾಯಿಲೆ ಕೆಲವು ಮಕ್ಕಳಲ್ಲಿ ಯಾಕೆ ಇಷ್ಟು ಬೇಗ ಬರುತ್ತದೆ? 2014ರಲ್ಲಿ, ನ್ಯೂಯಾರ್ಕಿನ ಬ್ರೂಸ್ ಗೆಲ್ಬ್ ಅವರ ಜೊತೆಗಿದ್ದಾಗ, ದಕ್ಷಿಣ ಭಾರತ, ಉತ್ತರ ಭಾರತ ಮತ್ತು ಜಪಾನಿನ ರೋಗಿಗಳನ್ನು ಪರೀಕ್ಷಿಸಿ ಅವರು ಬರೆದರು: ಬಾಲ್ಯದಲ್ಲೇ ಹೃದಯ ಉಬ್ಬುವ ಕಾಯಿಲೆ ಬಂದವರಲ್ಲಿ ಸುಮಾರು ಶೇ 9ರಷ್ಟು ಜನರಲ್ಲಿ ಆರ್‌ಎಎಫ್-1 ಎಂಬ ವಂಶವಾಹಿ ಕೆಟ್ಟಿದೆ. ಆ ಲೇಖನದ ಹೆಸರುಗಳ ಪಟ್ಟಿ ನೋಡಿದರೆ ಖುಷಿಯಾಗುತ್ತದೆ. ಹೈದರಾಬಾದಿನ ತಂಗರಾಜ್, ದೀಪಾ ಸೆಲ್ವಿ ರಾಣಿ, ಮಧುರೈಯ ರತಿನವೇಲ್, ಚಂಡೀಗಢದ ಅಜಯ್ ಬಹ್ಲ್, ಜಪಾನಿನ ವೈದ್ಯರು, ಜೊತೆಗೆ ಅದೇ ವಂಶವಾಹಿಯ ಮೇಲೆ ಟೋಕಿಯೋದಲ್ಲಿ ಮೊದಲೇ ಕೆಲಸ ಮಾಡಿದ್ದ ಎಂ. ಅಬ್ದುರ್ ರಝಾಕ್. (ನಮ್ಮ ಹೆಸರು ಇದೆಯಾ ಅಂತ ಮೊದಲು ಹುಡುಕುವ ಚಟ ನನಗೂ ಇದೆ, ಏನು ಮಾಡೋದು.) ಆ ಕೆಟ್ಟ ವಂಶವಾಹಿಯನ್ನು ಪುಟ್ಟ ಜೀಬ್ರಾ ಮೀನುಗಳಿಗೆ ಸೇರಿಸಿದಾಗ ಅವುಗಳ ಹೃದಯವೂ ಕೆಟ್ಟಿತು, ಅಂಗಾಂಗ ಕಸಿಯಾದವರಿಗೆ ಕೊಡುವ ರಾಪಮೈಸಿನ್ ಎಂಬ ಔಷಧದಿಂದ ಸ್ವಲ್ಪ ಮಟ್ಟಿಗೆ ಸುಧಾರಿಸಿತು. ಮೀನಿಗೆ ಆದದ್ದು ಮಗುವಿಗೂ ಆಗುತ್ತದೆ ಎಂದು ಯಾರೂ ಹೇಳಲಿಲ್ಲ. ಹೃದಯ ಬದಲಾಯಿಸುವುದನ್ನು ಬಿಟ್ಟು ಬೇರೆ ದಾರಿ ಇರಬಹುದು ಎಂಬ ಸುಳಿವಂತೂ ಸಿಕ್ಕಿತು. ಧಂಡಪಾಣಿ ಆಮೇಲೆ ಬೆಂಗಳೂರಿಗೆ ಬಂದು, ಜಿಕೆವಿಕೆ ಆವರಣದ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಇದೇ ಕೆಲಸ ಮುಂದುವರಿಸಿದರು.

ಎರಡನೆಯ ದಾರಿ ನಮ್ಮ ಮನೆಯ ಅಂಗಳದ್ದು. ಒಂದು ವಂಶವಾಹಿಯ ಎರಡು ಪ್ರತಿ ನಮಗೆ ಸಿಗುತ್ತವೆ, ಅಬ್ಬಾನಿಂದ ಒಂದು, ಅಮ್ಮಿಯಿಂದ ಒಂದು. ಒಂದು ಕೆಟ್ಟಿದ್ದರೆ ಇನ್ನೊಂದು ಹೇಗೋ ನಿಭಾಯಿಸಬಹುದು. ಎರಡೂ ಕೆಟ್ಟರೆ? ಅಮೆರಿಕದ ಓಹಿಯೋದಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಗಡವಿದೆ. ತಮ್ಮವರಲ್ಲೇ ಮದುವೆಯಾಗುವ ಸಣ್ಣ ಸಮುದಾಯ. ಇದೇ ಎಂವೈಬಿಪಿಸಿ-3ರ ಬೇರೊಂದು ಕೆಟ್ಟ ಬದಲಾವಣೆ ಅವರಲ್ಲಿದೆ. ಅದರ ಎರಡೂ ಪ್ರತಿ ಪಡೆದ ಹಸುಳೆಗಳು ಮೊದಲ ವರ್ಷ ದಾಟುವುದೇ ಕಷ್ಟ. ತಂದೆಗೂ ತಾಯಿಗೂ ಏನೂ ಆಗಿರುವುದಿಲ್ಲ, ತೊಟ್ಟಿಲು ಮಾತ್ರ ಖಾಲಿಯಾಗುತ್ತದೆ.

ಈಗ ನೀವು ಊಹಿಸಿದ ಮಾತಿಗೇ ಬರುತ್ತಿದ್ದೇನೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಒಂದೇ ಅಜ್ಜನ ಕೊರತೆ ಎರಡು ಕಡೆಯಿಂದಲೂ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಈ ಲೆಕ್ಕ ಆಂಧ್ರದಲ್ಲಿ ಶುರುವಾಗಿ ಬಹಳ ಕಾಲವಾಯಿತು. 1963ರಲ್ಲೇ ಹಾಲ್ಡೇನರ ಶಿಷ್ಯ ಕೃಷ್ಣ ದ್ರೋಣಂರಾಜು ಮತ್ತು ಪಿ. ಮೀರಾ ಖಾನ್ ಸೇರಿ ಆಂಧ್ರಪ್ರದೇಶದ ರಕ್ತಸಂಬಂಧದ ಮದುವೆಗಳ ಪ್ರಮಾಣ ಮತ್ತು ಪರಿಣಾಮದ ಬಗ್ಗೆ ಬರೆದಿದ್ದರು. ಮೀರಾ ಖಾನ್ ಮುಂದೆ ಹಾಲೆಂಡಿನ ಲೈಡನ್‌ನಲ್ಲಿ ಹೆಸರಾಂತ ತಳಿವಿಜ್ಞಾನಿಯಾದರು. ನಮ್ಮ ಹುಡುಗರಿಗೆ ಕ್ರಿಕೆಟ್ ಆಡಿದ ಖಾನರೆಲ್ಲ ಗೊತ್ತು, ಈ ಖಾನ್ ಗೊತ್ತಿಲ್ಲ. 2006ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಸ್. ರಾಮೇಗೌಡ ಮತ್ತು ಎನ್.ಬಿ. ರಾಮಚಂದ್ರ ಅವರು ಮೈಸೂರಿನಲ್ಲಿ ಹುಟ್ಟಿನಿಂದಲೇ ಹೃದಯದ ದೋಷವಿದ್ದ ಮಕ್ಕಳ ಕುಟುಂಬಗಳನ್ನು ನೋಡಿದರು. ಹೃದಯದ ಗೋಡೆಯಲ್ಲಿ ರಂಧ್ರ ಉಳಿಯುವುದು ಇಂಥ ದೋಷಗಳಲ್ಲಿ ಸಾಮಾನ್ಯವಾದದ್ದು. ಆ ಮಕ್ಕಳ ತಂದೆತಾಯಿಯರಲ್ಲಿ ರಕ್ತಸಂಬಂಧದ ಮದುವೆ ಉಳಿದವರಿಗಿಂತ ಸ್ಪಷ್ಟವಾಗಿ ಹೆಚ್ಚಿತ್ತು.

ಇದನ್ನು ಓದಿದ ಕೂಡಲೇ "ಹೌದು, ಅವರಲ್ಲಿ ಖಾಲಾ-ಫುಫುವಿನ ಮಕ್ಕಳನ್ನೇ ಮಾಡಿಕೊಳ್ತಾರಲ್ಲ" ಎಂದು ನಮ್ಮ ಕಡೆ ಬೆರಳು ತೋರಿಸುವವರು ಇದ್ದಾರೆ. ಸ್ಟಾಫ್ ರೂಮುಗಳಲ್ಲಿ ಕೇಳಿಸಿಕೊಂಡಿದ್ದೇನೆ. ಅವರಿಗೆ ಶಾಂತವಾಗಿ ಹೇಳಬೇಕಾದ ಸಂಗತಿ ಇದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅಲನ್ ಬಿಟಲ್ಸ್ ಮುಂತಾದವರು ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ಸಾವಿರಾರು ತಾಯಂದಿರನ್ನು ಕೇಳಿ ಲೆಕ್ಕ ತೆಗೆದಾಗ, ರಕ್ತಸಂಬಂಧದ ಮದುವೆ ಹಿಂದೂಗಳಲ್ಲೇ ಮುಸ್ಲಿಮರಿಗಿಂತ ಹೆಚ್ಚಿತ್ತು. ಅವರಲ್ಲಿ ಅಕ್ಕನ ಮಗಳನ್ನು ತರುವ ರೂಢಿ ಇದೆ; ನಮಗೆ ಕುರ್‌ಆನ್ ಅದನ್ನು ನಿಷೇಧಿಸಿದೆ. ಲೆಕ್ಕದಲ್ಲಿ ನೋಡಿದರೆ ಸೋದರಮಾವ ಮತ್ತು ಸೊಸೆಯ ನಡುವೆ ವಂಶವಾಹಿಗಳ ನಾಲ್ಕರಲ್ಲೊಂದು ಪಾಲು ಸಮಾನ, ಖಾಲಾ-ಮಾಮುಗಳ ಮಕ್ಕಳ ನಡುವೆ ಎಂಟರಲ್ಲೊಂದು. ಇದು ದಕ್ಷಿಣದ ಎಲ್ಲರ ಮನೆಯ ಮಾತು, ಒಂದು ಸಮುದಾಯದ್ದಲ್ಲ.

ಹಾಗೆಂದು ನಮ್ಮವರಿಗೆ ಹೇಳಬೇಕಾದದ್ದನ್ನು ನುಂಗಿಕೊಳ್ಳಲಾರೆ. ಖಾಲಾನ ಮಗಳ ಜೊತೆ ನಿಕಾಹ್ ಜಾಯಿಝ್, ಸರಿ. ಫರ್ಝ್ ಅಂತ ಯಾರೂ ಹೇಳಿಲ್ಲ. ಆಸ್ತಿ ಹೊರಗೆ ಹೋಗಬಾರದು, ಹುಡುಗಿಯ ಸ್ವಭಾವ ಗೊತ್ತಿದೆ, ಜೋಡೆಯ ದುಡ್ಡಿನ ತಲೆನೋವಿಲ್ಲ: ನಮ್ಮ ಕಾರಣಗಳು ಇವು, ದೀನಿನ ಹೆಸರನ್ನು ಸುಮ್ಮನೆ ಎಳೆದು ತರುತ್ತೇವೆ. ಮತ್ತೆ, ಹೆದರಿಕೆಯೂ ಅತಿಯಾಗಬಾರದು. ಬ್ರಿಟನ್ನಿನ ಬ್ರ್ಯಾಡ್‌ಫರ್ಡಿನಲ್ಲಿ ಪಾಕಿಸ್ತಾನಿ ಮೂಲದ ಕುಟುಂಬಗಳು ತುಂಬ ಇವೆ. ಅಲ್ಲಿ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿ 2013ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಲೆಕ್ಕದ ಪ್ರಕಾರ, ಹುಟ್ಟುದೋಷದ ಸಾಧ್ಯತೆ ನೂರಕ್ಕೆ ಸುಮಾರು ಮೂರರಿಂದ ಆರಕ್ಕೆ ಏರುತ್ತದೆ. ಎರಡು ಪಟ್ಟು, ನಿಜ. ನೂರರಲ್ಲಿ ತೊಂಬತ್ತನಾಲ್ಕು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ ಎನ್ನುವುದೂ ಅಷ್ಟೇ ನಿಜ. ಮಗುವಿನ ಹೃದಯದಲ್ಲಿ ರಂಧ್ರವಿದೆ ಎಂದ ಕೂಡಲೇ "ಬಹುವಿನ ಕಡೆಯದ್ದು" ಎಂದು ತಾಯಿಯ ತಲೆಗೆ ಕಟ್ಟುವ ಸಾಸುಮಾಗಳಿಗೆ ಇನ್ನೊಂದು ಮಾತು. ಎರಡು ಪ್ರತಿ ಬೇಕಾದ ಕಾಯಿಲೆಯಲ್ಲಿ ಒಂದು ಪ್ರತಿ ನಿಮ್ಮ ಮಗನದ್ದೇ ಇರುತ್ತದೆ. ರಕ್ತಸಂಬಂಧವೇ ಇಲ್ಲದ ಎಷ್ಟೋ ಮನೆಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ. ಸಾವಿರ ಜನನದಲ್ಲಿ ಎಂಟೊಂಬತ್ತು ಮಕ್ಕಳಿಗೆ ಹೃದಯದ ಯಾವುದಾದರೂ ದೋಷ ಇರುತ್ತದೆ ಎನ್ನುವುದು ಜಗತ್ತಿನ ಸಾಮಾನ್ಯ ಲೆಕ್ಕ.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಬರುತ್ತದೆ. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಹಾಲು ಕುಡಿಯುವಾಗ ಹಣೆ ಬೆವರುವುದು, ಕುಡಿಯುತ್ತ ಕುಡಿಯುತ್ತ ಸುಸ್ತಾಗಿ ಬಿಡುವುದು, ತೂಕ ಏರದಿರುವುದು, ತುಟಿ-ಉಗುರು ನೀಲಿಯಾಗುವುದು, ಆಟದ ನಡುವೆ ಕಣ್ಣು ಕತ್ತಲೆ ಬಂದು ಬೀಳುವುದು, ಇವನ್ನು ನಝರ್ ತಾಗಿದೆ ಅಂತ ಕೂತರೆ ಹೊತ್ತು ಮೀರುತ್ತದೆ. ದಮ್ ಮಾಡಿಸಿ, ಬೇಡ ಅನ್ನುವುದಿಲ್ಲ, ಜೊತೆಗೆ ಎಕೋ ಪರೀಕ್ಷೆಯನ್ನೂ ಮಾಡಿಸಿ.

ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಹೃದಯದ ಡಾಕ್ಟರ ಮುಂದೆ ಕೂತಾಗ ಅವರು ಒಂದು ಹಾಳೆ ತೆಗೆದು ಚೌಕ, ವೃತ್ತಗಳ ವಂಶದ ನಕ್ಷೆ ಬರೆಯತೊಡಗಬಹುದು. "ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡವರು ಇದ್ದಾರಾ" ಎಂದು ಕೇಳುತ್ತಾರೆ. ಆಗ ಶಹರಿನ ಮರ್ಯಾದೆಗೆ "ಒಬ್ಬ ಅಂಕಲ್, ಒಬ್ಬ ಕಸಿನ್" ಎಂದು ಹೇಳಿ ಬರಬೇಡಿ. ಆ ಎರಡು ಶಬ್ದದಿಂದ ಅವರ ನಕ್ಷೆ ಒಂದು ಗೆರೆಯೂ ಮುಂದೆ ಹೋಗುವುದಿಲ್ಲ. ಚಾಚಾನೋ ಮಾಮುವೋ, ಖಾಲು ಹೊರಗಿನಿಂದ ಮದುವೆಯಾಗಿ ಬಂದವರೋ, ಫುಫುವಿನ ಮಗನೋ ಖಾಲಾನ ಮಗನೋ, ಎಷ್ಟನೇ ವಯಸ್ಸಿನಲ್ಲಿ, ನಿದ್ದೆಯಲ್ಲೋ ಓಡುವಾಗಲೋ, ಎಲ್ಲವನ್ನೂ ನಮ್ಮ ಶಬ್ದಗಳಲ್ಲೇ ಹೇಳಿ. ಕನ್ನಡದ ಡಾಕ್ಟರಾದರೆ ಚಿಕ್ಕಪ್ಪ, ಸೋದರಮಾವ, ಸೋದರತ್ತೆ ಎನ್ನಿ. ಹೋಗುವ ಮುಂಚೆ ದಾದಿ ಮತ್ತು ನಾನಿಯನ್ನು ಕೂಡಿಸಿಕೊಂಡು ಮೂರು ತಲೆಮಾರು ಬರೆದಿಟ್ಟುಕೊಳ್ಳಿ. ಅವರಿಗೆ ಎಲ್ಲ ನೆನಪಿರುತ್ತದೆ, ಯಾರೂ ಕೇಳಿರುವುದಿಲ್ಲ ಅಷ್ಟೇ.